ಏಷ್ಯಾಕ್ಕೇ ಮೊದಲು, ಚೆಲುವಿನಲ್ಲೂ ಗಾತ್ರದಲ್ಲೂ: ರೋಮನ್ ಕಾಲದ ಊರೂರಿನ ಕಂಚಿನ ನಾಣ್ಯಗಳು ಯಾರ ಮಾತು?

ಇಜ್ಮಿರ್‌ವಾಸಿ · ಶನಿವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಎರಡು ವರ್ಷದಿಂದ ಟರ್ಕಿಯ ಇಜ್ಮಿರ್‌ನಲ್ಲಿದ್ದೇನೆ. ಹಿಂದೆ ಸ್ಮಿರ್ನಾ ಅಂತ ಕರೆಯುತ್ತಿದ್ದದ್ದು ಇದೇ ಊರನ್ನ. ಇವತ್ತು ಹಳೆಯ ನಾಣ್ಯ ನೋಡೋಕೆ ಹೋದವಳು ಒಂದು ಕಂಚಿನ ನಾಣ್ಯದ ಮುಂದೆ ಅರ್ಧ ಗಂಟೆ ನಿಂತುಬಿಟ್ಟೆ.

ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಚೆನ್ನಾಗಿ ಅಗಲ ಇದೆ. ಒಂದು ಕಡೆ ಕರಕಲ್ಲ ಚಕ್ರವರ್ತಿಯ ಮುಖ. ಇನ್ನೊಂದು ಕಡೆ ಮೂರು ಗುಡಿ, ಒತ್ತೊತ್ತಾಗಿ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರೆ ಪ್ರತಿ ಗುಡಿಯ ನೆತ್ತಿಯ ತ್ರಿಕೋನದಲ್ಲೂ ಎರಡೆರಡು ಗ್ರೀಕ್ ಅಕ್ಷರ ಇವೆ. ಸುತ್ತ ಬರೆದಿರೋದರ ಅರ್ಥ ಇದು: "ಏಷ್ಯಾದಲ್ಲಿ ಮೊದಲಿಗರಾದ, ಮೂರು ಸಲ ಗುಡಿ ಕಾಯುವ ಪದವಿ ಪಡೆದ ಸ್ಮಿರ್ನಾದವರದು." ಸ್ಮಿರ್ನಾದ ಕೆಲವು ನಾಣ್ಯಗಳಲ್ಲಿ "ಚೆಲುವಿನಲ್ಲೂ ಗಾತ್ರದಲ್ಲೂ" ಅಂತಲೂ ಸೇರಿಸುತ್ತಿದ್ದರಂತೆ.

ನನಗೆ ಅರ್ಥ ಆಗದ್ದು ಇಷ್ಟೇ. ಇದನ್ನ ಬರೆಸಿದ್ದು ಯಾರು? ರೋಮ್‌ನಿಂದ ಅಪ್ಪಣೆ ಬಂತಾ, ಅಥವಾ ಊರಿನವರೇ ಬರೆಸಿಕೊಂಡರಾ? ಯಾರು ಓದಲಿ ಅಂತ?

ಕಂಚುಕಾಸು · ಶನಿವಾರ ರಾತ್ರಿ 8:55

ಒಳ್ಳೆ ನಾಣ್ಯದ ಮುಂದೆಯೇ ನಿಂತಿದ್ದೀರಿ. ಆ ಅಕ್ಷರಗಳಿಂದಲೇ ಶುರು ಮಾಡೋಣ. ಅವು ತಿ, ರೋ, ಅದ್. ತಿಬೇರಿಯಸ್ ಚಕ್ರವರ್ತಿ, ರೋಮಾ ದೇವತೆ (ರೋಮ್ ನಗರವೇ ದೇವತೆಯಾಗಿ), ಹೇಡ್ರಿಯನ್ ಚಕ್ರವರ್ತಿ. ಯಾವ ಗುಡಿ ಯಾರದು ಅಂತ ಗುರುತಿಗೆ ಹಾಕಿದ್ದು.

ಸಾಮ್ರಾಜ್ಯದ ಚಿನ್ನ ಮತ್ತು ಹೆಚ್ಚಿನ ಬೆಳ್ಳಿ ಚಕ್ರವರ್ತಿಯ ಹಿಡಿತದಲ್ಲಿತ್ತು. ಪೂರ್ವದಲ್ಲಿ, ಅಂದರೆ ಗ್ರೀಸ್, ಈಗಿನ ಟರ್ಕಿ, ಸಿರಿಯಾ ಕಡೆ, ದಿನಬಳಕೆಯ ಚಿಲ್ಲರೆಯನ್ನ ಊರುಗಳೇ ಅಚ್ಚು ಹಾಕುತ್ತಿದ್ದವು. ಐನೂರಕ್ಕೂ ಜಾಸ್ತಿ ಊರುಗಳು. ಜೂಲಿಯಸ್ ಸೀಸರ್ ಸತ್ತ ಕ್ರಿ.ಪೂ. 44ರ ಸುಮಾರಿನಿಂದ ಲೆಕ್ಕ ಹಿಡಿದರೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಇದು ನಡೆಯಿತು. ಸ್ಪೇನ್ ಕಡೆ ಬೇಗ ನಿಂತುಹೋಯಿತು, ಕಲಿಗುಲ ಚಕ್ರವರ್ತಿಯ ಕಾಲಕ್ಕೇ.

ಈಗ ನಿಮ್ಮ ಪ್ರಶ್ನೆ. "ಗುಡಿ ಕಾಯುವವರು" ಅನ್ನೋದು ಗ್ರೀಕ್‌ನಲ್ಲಿ ನಿಯೋಕೊರೋಸ್. ಚಕ್ರವರ್ತಿಯ ಪೂಜೆಗೆ ಇಡೀ ಪ್ರಾಂತ್ಯದ ಪರವಾಗಿ ಗುಡಿ ಕಟ್ಟಿಸಿ ನೋಡಿಕೊಳ್ಳುವ ಊರಿನ ಪದವಿ ಅದು. ಇದನ್ನ ಯಾರೂ ಸುಮ್ನೆ ಹಾಕಿಕೊಳ್ಳುವ ಹಾಗಿರಲಿಲ್ಲ. ಕ್ರಿ.ಶ. 26ರಲ್ಲಿ ತಿಬೇರಿಯಸ್‌ನ ಗುಡಿ ತಮ್ಮಲ್ಲೇ ಆಗಬೇಕು ಅಂತ ಏಷ್ಯಾ ಪ್ರಾಂತ್ಯದ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದ, 11 ಊರುಗಳು ರೋಮ್‌ನ ಸೆನೆಟ್ ಮುಂದೆ ವಾದ ಮಾಡಿದವು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅದನ್ನ ಬರೆದಿಟ್ಟಿದ್ದಾನೆ. ಸ್ಮಿರ್ನಾದವರ ವಾದ ಏನು ಗೊತ್ತಾ? ರೋಮ್ ಇನ್ನೂ ಲೋಕಕ್ಕೆಲ್ಲ ದೊಡ್ಡದಾಗುವ ಮುಂಚೆಯೇ, ಕ್ರಿ.ಪೂ. 195ರಲ್ಲೇ, ನಾವು ರೋಮಾ ದೇವತೆಗೆ ಗುಡಿ ಕಟ್ಟಿದವರು ಅಂತ. ಗೆದ್ದರು. ಅದಾಗಿ ಹತ್ತಿರ ಹತ್ತಿರ ಇನ್ನೂರು ವರ್ಷ ಕಳೆದ ಮೇಲೂ ಆ ರೋಮಾ ಗುಡಿ ನಿಮ್ಮ ನಾಣ್ಯದ ಮೇಲಿದೆ. ಹಳೆಯ ನಂಟು ನೆನಪಿರಲಿ ಅಂತ ಊರು ಹಿಡಿದ ಹಠ ಅದು.

ಅಂದರೆ ಪದವಿ ಮೇಲಿನಿಂದ ಬಂದದ್ದು, ಅದನ್ನ ನಾಣ್ಯದ ಮೇಲೆ ಹೊಡೆಸಿದ್ದು ಊರು. ಯಾರು ಓದಲಿ ಅಂತ ಕೇಳಿದಿರಲ್ಲ. ಎಫೆಸಸ್‌ನವರು ಓದಲಿ ಅಂತ. ಪೆರ್ಗಮಮ್‌ನವರು ಓದಲಿ ಅಂತ. ಇವರೆಲ್ಲ ಅಕ್ಕಪಕ್ಕದ ಊರಿನವರು, ಎಲ್ಲರಿಗೂ ತಾವೇ ಮೊದಲು ಅನ್ನಿಸಿಕೊಳ್ಳುವ ಆಸೆ. ಈ ನಾಣ್ಯಗಳನ್ನ ಚಕ್ರವರ್ತಿಯ ಪ್ರಚಾರ ಅಂತ ಓದುವವರು ಅರ್ಧ ಕಥೆ ಬಿಟ್ಟುಬಿಡುತ್ತಾರೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕದಮನೆ · ಶನಿವಾರ ರಾತ್ರಿ 9:30

ಕಂಚುಕಾಸು ಅವರೇ, ನಿಮ್ಮ ಮಾತು ಚೆನ್ನಾಗಿದೆ, ಆದರೆ ನಾನು ಪೂರ್ತಿ ಒಪ್ಪಲ್ಲ. ನಾಣ್ಯ ಅಂದರೆ ಮೊದಲು ದುಡ್ಡು. ಪೆರ್ಗಮಮ್‌ನಲ್ಲಿ ಸಿಕ್ಕ ಒಂದು ಶಾಸನ ನೋಡಿ. ನಾಣ್ಯ ಬದಲಿಸಿಕೊಡುವವರ ಮೇಲಿನ ದೂರನ್ನ ಬಗೆಹರಿಸಿದ ಆದೇಶ ಅದು. ನೀವು ಒಂದು ಬೆಳ್ಳಿ ಡಿನೇರಿಯಸ್ ಕೊಟ್ಟರೆ 17 ಕಂಚಿನ ಕಾಸು ಕೊಡ್ತಾರೆ. ಅದೇ ಡಿನೇರಿಯಸ್ ವಾಪಸ್ ಬೇಕಂದರೆ 18 ಕಾಸು ಕೊಡಬೇಕು. ಮಧ್ಯದ ಒಂದು ಕಾಸು ಅವರ ಪಾಲು. ಸಣ್ಣ ಮೀನು ಕೊಳ್ಳುವವರ ಚಿಲ್ಲರೆ ವಿಷಯ ಕೂಡ ಅದರಲ್ಲಿ ಬರುತ್ತೆ. ಸಂತೆಯಲ್ಲಿ ಮೀನು ಕೊಳ್ಳುವವನು ನಿಯೋಕೊರೋಸ್ ಎಷ್ಟು ಸಲ ಅಂತ ಎಣಿಸುತ್ತಿದ್ದನಾ?

ಇನ್ನೊಂದು ವಿಷಯ. ಕೊನ್ರಾಡ್ ಕ್ರಾಫ್ಟ್ ಅನ್ನುವ ಜರ್ಮನ್ ವಿದ್ವಾಂಸರು 1972ರಲ್ಲಿ ತೋರಿಸಿದ ಹಾಗೆ, ಬೇರೆ ಬೇರೆ ಊರಿನ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖ ಒಂದೇ ಅಚ್ಚಿನಿಂದ ಬಂದಿದೆ. ಅದೇ ಗಲ್ಲ, ಅದೇ ಬಿರುಕು, ಊರಿನ ಹೆಸರು ಮಾತ್ರ ಬೇರೆ. ಒಂದೇ ಕಾರ್ಖಾನೆ ಹಲವು ಊರಿಗೆ ಕೆಲಸ ಮಾಡಿಕೊಡುತ್ತಿತ್ತು ಅಂತಾಯಿತು. ಮುಖವನ್ನೇ ಹಂಚಿಕೊಂಡ ಮೇಲೆ ಅದರಲ್ಲಿ ಊರಿನ ರಾಜಕೀಯ ಎಲ್ಲಿ ಹುಡುಕೋದು?

ಕಂಚುಕಾಸು · ಶನಿವಾರ ರಾತ್ರಿ 10:20

ಎರಡೂ ಒಳ್ಳೆ ಮಾತು. ಎರಡನೆಯದನ್ನ ಮೊದಲು ತಗೊಳ್ಳೋಣ. ಮುಖದ ಅಚ್ಚು ಹಂಚಿಕೊಂಡರು, ನಿಜ. ಹಿಂದಿನ ಬದಿ ಮಾತ್ರ ಊರಿನದೇ. ಅಪಾಮೆಯಾ ಅಂತ ಫ್ರಿಜಿಯಾದ ಒಂದು ಊರು ಇತ್ತು. ಅದರ ಅಡ್ಡಹೆಸರು ಕಿಬೋತೋಸ್, ಅಂದರೆ ಪೆಟ್ಟಿಗೆ. ಅವರು ನಾಣ್ಯದ ಮೇಲೆ ಹಾಕಿಸಿದ್ದು ಬೈಬಲ್‌ನ ಪ್ರಳಯದ ಕಥೆಯ ನೋಹನ ನಾವೆ! ಮುಚ್ಚಳ ತೆರೆದ ಪೆಟ್ಟಿಗೆ, ಒಳಗೆ ಗಂಡ ಹೆಂಡತಿ, ಮೇಲೆ ಒಂದು ಹಕ್ಕಿ ಕೂತಿದೆ, ಇನ್ನೊಂದು ಕೊಂಬೆ ಹಿಡಿದು ಹಾರಿ ಬರುತ್ತಿದೆ. ಪೆಟ್ಟಿಗೆಯ ಮೇಲೆ ಮೂರೇ ಅಕ್ಷರ, ನೋಹನ ಹೆಸರು. ಸೆಪ್ಟಿಮಿಯಸ್ ಸೆವೆರಸ್, ಮ್ಯಾಕ್ರಿನಸ್, ಫಿಲಿಪ್, ಈ ಮೂವರ ಕಾಲದಲ್ಲೂ ಹೊಡೆಸಿದರು. ಇನ್ನೂ ಕ್ರೈಸ್ತ ಆಗಿರದ ಸಾಮ್ರಾಜ್ಯದಲ್ಲಿ ಇದನ್ನ ಯಾವ ಚಕ್ರವರ್ತಿ ಹೇಳಿ ಮಾಡಿಸಿರ್ತಾನೆ? ಊರಿನವರ ಹೆಮ್ಮೆ ಅದು.

ಇನ್ನು ದುಡ್ಡಿನ ವಿಷಯ. ಸೆಸ್ಟೋಸ್ ಅನ್ನುವ ಊರಿನ ಒಂದು ಶಾಸನ ಇದೆ. ರೋಮನ್ನರು ಏಷ್ಯಾಕ್ಕೆ ಕಾಲಿಟ್ಟ ಹೊಸತರದ್ದು, ಕ್ರಿ.ಪೂ. 2ನೇ ಶತಮಾನದ ಕೊನೆಯ ಭಾಗ. ಊರು ಸ್ವಂತ ಕಂಚಿನ ನಾಣ್ಯ ಯಾಕೆ ತರುತ್ತಿದೆ ಅಂತ ಅದರಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಕಾರಣ ಎರಡು. ಊರಿನ ಗುರುತು ಚಲಾವಣೆಯಲ್ಲಿ ಇರಲಿ. ಬರುವ ಲಾಭ ಊರಿಗೇ ಸೇರಲಿ. ಒಂದೇ ಉಸಿರಿಗೆ ಎರಡನ್ನೂ ಹೇಳಿದರು. ನೀವು ಎರಡನೇ ಕಾರಣ ಹಿಡಿದಿದ್ದೀರಿ, ನಾನು ಮೊದಲನೆಯದು. ಅವರಿಗೆ ಇವೆರಡೂ ಬೇರೆ ಬೇರೆ ಅಂತ ಅನ್ನಿಸಿರಲೇ ಇಲ್ಲ.

ಲೆಕ್ಕದಮನೆ · ಶನಿವಾರ ರಾತ್ರಿ 10:34

ಸೆಸ್ಟೋಸ್ ಶಾಸನ ನನಗೆ ಗೊತ್ತಿರಲಿಲ್ಲ. ಒಪ್ಪಿದೆ, ಅರ್ಧ.

ಹೊಸಬ · ಭಾನುವಾರ ಬೆಳಿಗ್ಗೆ 7:45

ಒಂದು ಸಣ್ಣ ಪ್ರಶ್ನೆ. ಚಕ್ರವರ್ತಿಯ ಮುಖ ಹಾಕಲೇಬೇಕು ಅಂತ ಕಾನೂನು ಇತ್ತಾ?

ಕಂಚುಕಾಸು · ಭಾನುವಾರ ಬೆಳಿಗ್ಗೆ 8:20

ಇರಲಿಲ್ಲ. ಅಥೆನ್ಸ್ ಒಂದು ಸಲವೂ ಹಾಕಲಿಲ್ಲ. ಅಥೀನಾ ದೇವಿಯ ಮುಖವನ್ನೇ ಉಳಿಸಿಕೊಂಡಿತು. ಖಿಯೋಸ್ ದ್ವೀಪದವರೂ ಹಾಗೆಯೇ, ತಮ್ಮ ಸ್ಫಿಂಕ್ಸ್ ಹಾಕಿ, ಬೆಲೆ ಎಷ್ಟು ಅಂತ ಅಕ್ಷರದಲ್ಲಿ ಬರೆದರು. ಇನ್ನು ಎಷ್ಟೋ ಊರುಗಳು ಸಣ್ಣ ನಾಣ್ಯದ ಮೇಲೆ ಊರಿನ ಜನರನ್ನೇ ಒಬ್ಬ ಯುವಕನ ರೂಪದಲ್ಲಿ ಕೆತ್ತಿಸಿ, ಪಕ್ಕದಲ್ಲಿ "ದೇಮೋಸ್" ಅಂತ ಬರೆಸಿದವು. ಜನ ಅನ್ನೋ ಪದಕ್ಕೆ ಒಂದು ಮುಖ! ಕೆಲವು ಕಡೆ ರೋಮ್‌ನ ಸೆನೆಟ್‌ಗೂ ಮುಖ ಕೊಟ್ಟು "ಪವಿತ್ರ ಸೆನೆಟ್" ಅಂದರು. ಮುಖ ಹಾಕೋದು, ಬಿಡೋದು, ಯಾರ ಮುಖ ಅನ್ನೋದು, ಎಲ್ಲವೂ ಊರಿನ ತೀರ್ಮಾನ. ಅದಕ್ಕೇ ಅದರಲ್ಲಿ ಅರ್ಥ ಇದೆ ಅಂತ ನಾನು ಹೇಳೋದು.

ಕಡಲೂರ_ಓದುಗಿ · ಭಾನುವಾರ ಬೆಳಿಗ್ಗೆ 11:05

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಚರ್ಚ್ ಮುಗಿಸಿ ಬಂದು ಇದನ್ನೆಲ್ಲ ಓದಿದೆ. ಮುಖ ಹಾಕದ ನಾಣ್ಯ ಅಂದ ತಕ್ಷಣ ನನಗೆ ನೆನಪಾದದ್ದು ಪಿಲಾತನ ಕಾಸು. ಪೊಂತಿಯಸ್ ಪಿಲಾತ ಯೂದಾಯದಲ್ಲಿ ಅಧಿಕಾರಿಯಾಗಿದ್ದಾಗ ಹೊಡೆಸಿದ್ದು, ತಿಬೇರಿಯಸ್‌ನ ಆಳ್ವಿಕೆಯ 16, 17, 18ನೇ ವರ್ಷ. ಅಂದರೆ ಸುಮಾರು ಕ್ರಿ.ಶ. 29ರಿಂದ 32. ತೂಕ ಎರಡು ಗ್ರಾಂ ಆಸುಪಾಸು, ಹೆಬ್ಬೆರಳ ಉಗುರಿನಷ್ಟು ಅಗಲ.

ಅದರಲ್ಲಿ ಚಕ್ರವರ್ತಿಯ ಮುಖ ಇಲ್ಲ, ಹೆಸರು ಮಾತ್ರ. ಯೆಹೂದ್ಯರಿಗೆ ಮೂರ್ತಿ ಒಪ್ಪಿಗೆಯಾಗಲ್ಲ ಅನ್ನೋದು ರೋಮನ್ ಅಧಿಕಾರಿಗಳಿಗೆ ಗೊತ್ತಿತ್ತು. ಪಿಲಾತನಿಗಿಂತ ಮುಂಚೆ ಇದ್ದವರು ಖರ್ಜೂರದ ಮರ, ತೆನೆ, ಹೀಗೆ ಯಾರಿಗೂ ನೋವಾಗದ ಚಿತ್ರ ಹಾಕಿದರು. ಪಿಲಾತ ಹಾಕಿದ್ದು ರೋಮನ್ ಪೂಜಾರಿ ಹಿಡಿಯುವ ಡೊಂಕು ಕೋಲು, ದೇವರಿಗೆ ದ್ರಾಕ್ಷಾರಸ ಎರೆಯುವ ಸೌಟು. ಮುಖ ಇಲ್ಲ, ಆದರೆ ಬೇರೆ ಧರ್ಮದ ಪೂಜೆಯ ಸಾಮಾನು ಪ್ರತಿ ಯೆಹೂದ್ಯನ ಚೀಲದೊಳಗೆ ಹೋಯಿತು. ಬೇಕಂತಲೇ ಮಾಡಿದನಾ, ಅರಿವಿಲ್ಲದೆ ಮಾಡಿದನಾ ಅಂತ ಈಗಲೂ ವಾದ ಇದೆ. ನನಗೆ ಬೇಕಂತಲೇ ಅನ್ನಿಸುತ್ತೆ. ಮೂರು ವರ್ಷ ಅರಿವಿಲ್ಲದೆ ಇರೋಕೆ ಆಗುತ್ತಾ?

"ಕೈಸರನದನ್ನು ಕೈಸರನಿಗೆ" ಅನ್ನುವ ಮಾತು ಹುಟ್ಟಿದ ನಾಣ್ಯ ಇದಲ್ಲ, ಅದು ಬೆಳ್ಳಿಯ ಡಿನೇರಿಯಸ್. ಅದಕ್ಕೇ ಅದರಲ್ಲಿ ಮುಖ ಇತ್ತು. ಈ ವ್ಯತ್ಯಾಸ ಗೊತ್ತಾದ ಮೇಲೆ ಆ ಭಾಗವನ್ನ ನಾನು ಬೇರೆ ರೀತಿ ಓದುತ್ತೇನೆ.

ಇನ್ನೂ ಒಂದು ಹೇಳಲೇಬೇಕು. ಕ್ರಿ.ಶ. 66ರಲ್ಲಿ ಯೆಹೂದ್ಯರು ರೋಮ್ ಮೇಲೆ ದಂಗೆ ಎದ್ದರು. ಎರಡನೇ ವರ್ಷದ ಅವರ ಕಂಚಿನ ಕಾಸಿನ ಮೇಲೆ "ಚೀಯೋನಿನ ಸ್ವಾತಂತ್ರ್ಯ" ಅಂತಿದೆ. ಮೂರನೇ ವರ್ಷವೂ ಅದೇ. ನಾಲ್ಕನೇ ವರ್ಷ, ಸೋಲು ಹತ್ತಿರ ಬಂದಾಗ, ಬರಹ ಬದಲಾಯಿತು: "ಚೀಯೋನಿನ ವಿಮೋಚನೆಗಾಗಿ". ಇದೆ ಅಂತ ಹೇಳುತ್ತಿದ್ದವರು ಬರಲಿ ಅಂತ ಬೇಡುವ ಹಾಗಾಯಿತು. ಯೆರೂಸಲೇಮ್ ಕ್ರಿ.ಶ. 70ರಲ್ಲಿ ಬಿತ್ತು. ಆಮೇಲೆ ಕೈಸರೈಯದಲ್ಲಿ ರೋಮನ್ನರು ಹೊಡೆಸಿದ ಕಂಚಿನ ಮೇಲೆ ಗ್ರೀಕ್‌ನಲ್ಲಿ ಬಂದದ್ದು "ಯೂದಾಯ ಸೆರೆಸಿಕ್ಕಿದೆ". ಆ ಜನರಿಗೆ ಓದೋಕೆ ಬರುವ ಭಾಷೆಯಲ್ಲೇ ಬರೆಸಿದರು ಅನ್ನೋದು ನನ್ನನ್ನ ಈಗಲೂ ಕಾಡುತ್ತೆ.

ಹೊಸಬ · ಭಾನುವಾರ ಬೆಳಿಗ್ಗೆ 11:20

ಓದಿ ಮೈ ಜುಮ್ ಅಂತು.

ಲಂಡನ್_ಮಳೆ · ಭಾನುವಾರ ಮಧ್ಯಾಹ್ನ 2:15

ನಾನೊಂದು ನೋಡಿದ್ದು ಹೇಳ್ತೀನಿ. ಕೆಲವು ವರ್ಷದ ಹಿಂದೆ, ಮೊದಲೇ ಸಮಯ ಕೇಳಿಕೊಂಡು, ಒಂದು ಸಂಗ್ರಹದಲ್ಲಿ ಸ್ಟ್ರಾಟೊನಿಕೆಯಾ ಊರಿನ ನಾಣ್ಯ ಕೈಗೆ ತಗೊಂಡು ನೋಡಿದೆ. ಕರಿಯಾ ಪ್ರದೇಶದ ಊರು ಅದು, ಈಗಿನ ಟರ್ಕಿಯ ನೈಋತ್ಯ ಮೂಲೆ. ಅಂಗೈ ಮೇಲೆ ತಣ್ಣಗೆ, ಭಾರವಾಗಿ ಕೂತಿತ್ತು.

ಕರಕಲ್ಲ ಮತ್ತು ಅವನ ತಮ್ಮ ಗೆಟಾ ಎದುರುಬದುರು ನೋಡುತ್ತಿರುವ ಹಾಗೆ ಕೆತ್ತಿದ ನಾಣ್ಯ. 211ರ ಡಿಸೆಂಬರ್‌ನಲ್ಲಿ ಅಣ್ಣ ತಮ್ಮನನ್ನ ಕೊಲ್ಲಿಸಿದ. ಗೆಟಾನ ಹೆಸರು, ಚಿತ್ರ ಎಲ್ಲಾ ಅಳಿಸಬೇಕು ಅಂತ ಆಜ್ಞೆ ಬಂತು. ನನ್ನ ಕೈಯಲ್ಲಿದ್ದ ನಾಣ್ಯದಲ್ಲಿ ಗೆಟಾ ಇರಲಿಲ್ಲ. ಅವನ ಜಾಗ ಉಜ್ಜಿ ಉಜ್ಜಿ ಚಪ್ಪಟೆ ಆಗಿತ್ತು. ಉಗುರು ಆಡಿಸಿದರೆ ತಗ್ಗು ಗೊತ್ತಾಗುತ್ತೆ. ಕರಕಲ್ಲ ಮಾತ್ರ ಹುಬ್ಬು ಗಂಟಿಕ್ಕಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದಾನೆ. ಅಳಿಸಿದವರು ಗೆಟಾನನ್ನ ಮರೆಸಬೇಕು ಅಂತ ಹೊರಟರು. ಆ ಖಾಲಿ ಜಾಗ ನೋಡಿದವರೆಲ್ಲ ಇಲ್ಲಿ ಯಾರಿದ್ದರು ಅಂತ ಕೇಳಿಯೇ ಕೇಳ್ತಾರೆ.

ಪಕ್ಕದಲ್ಲಿ ಸಣ್ಣ ಮುದ್ರೆಗಳನ್ನೂ ಒತ್ತಿದ್ದರು, ಒಂದರಲ್ಲಿ "ದೇವರ" ಅನ್ನುವ ಅರ್ಥದ ಗ್ರೀಕ್ ಪದ. ಅಳಿಸಿದ ನಾಣ್ಯ ಇನ್ನೂ ನಡೆಯುತ್ತೆ ಅಂತ ಊರು ಕೊಟ್ಟ ಖಾತ್ರಿ ಅದು ಅಂತ ಕೆಲವರು ಹೇಳುತ್ತಾರೆ.

ಲೆಕ್ಕದಮನೆ · ಭಾನುವಾರ ಮಧ್ಯಾಹ್ನ 3:00

ಇದೊಂದು ಉದಾಹರಣೆ ಇಟ್ಟುಕೊಂಡು ಎಲ್ಲಾ ಊರೂ ಹೀಗೇ ಮಾಡಿತು ಅನ್ನಬಾರದು. ಗೆಟಾನ ಮುಖ ಇರುವ ಎಷ್ಟೋ ನಾಣ್ಯ ಗೀರೂ ಇಲ್ಲದೆ ಉಳಿದಿವೆ. ಅಳಿಸಿದ್ದು ಸ್ಟ್ರಾಟೊನಿಕೆಯಾ, ಪೆರ್ಗಮಮ್ ಮತ್ತು ಇನ್ನೂ ಕೆಲವು ಊರು ಮಾತ್ರ.

ಲಂಡನ್_ಮಳೆ · ಭಾನುವಾರ ಮಧ್ಯಾಹ್ನ 3:12

ಸರಿಯಾದ ಮಾತು. ಆದರೆ ನನ್ನ ಆಸಕ್ತಿ ಇರೋದೇ ಅಲ್ಲಿ. ಆಜ್ಞೆ ಎಲ್ಲರಿಗೂ ಒಂದೇ ಆಗಿದ್ದು, ಅಳಿಸಿದ್ದು ಕೆಲವರೇ ಅಂದರೆ, ಆ ಕೆಲವರು ಯಾಕೆ ಅಳಿಸಿದರು? ಹೆದರಿಕೆಯಾ, ಮೆಚ್ಚಿಸುವ ಆತುರವಾ? ಉಳಿದವರಿಗೆ ಪುರಸೊತ್ತಿರಲಿಲ್ಲವಾ, ಮನಸ್ಸಿರಲಿಲ್ಲವಾ?

ಕಂಚುಕಾಸು · ಭಾನುವಾರ ಸಂಜೆ 5:40

ಅಳಿಸಿದ ನಾಣ್ಯದ ಮಾತು ಬಂತಲ್ಲ, ಸ್ಪೇನ್‌ನ ಬಿಲ್ಬಿಲಿಸ್ ಬಿಟ್ಟರೆ ತಪ್ಪಾಗುತ್ತೆ. ಕವಿ ಮಾರ್ಷಿಯಲ್ ಹುಟ್ಟಿದ ಸಣ್ಣ ಬೆಟ್ಟದೂರು. ಕ್ರಿ.ಶ. 31ರಲ್ಲಿ ತಿಬೇರಿಯಸ್ ಜೊತೆ ಕಾನ್ಸಲ್ ಅನ್ನುವ ಅತಿ ದೊಡ್ಡ ಹುದ್ದೆಗೆ ಬಂದವನು ಸೆಜಾನಸ್, ಆಗ ರೋಮ್‌ನಲ್ಲಿ ಚಕ್ರವರ್ತಿ ಬಿಟ್ಟರೆ ಅವನೇ. ಬಿಲ್ಬಿಲಿಸ್‌ನವರು ಖುಷಿಯಿಂದ ನಾಣ್ಯದ ಮೇಲೆ ಇಬ್ಬರ ಹೆಸರನ್ನೂ ಹಾಕಿಸಿದರು, ನಡುವೆ ಎಲೆಗಳ ಹಾರ. ಅದೇ ವರ್ಷ ಅಕ್ಟೋಬರ್ 18ಕ್ಕೆ ಸೆಜಾನಸ್‌ನನ್ನ ಹಿಡಿದು ಕೊಂದರು. ಆಮೇಲೆ ಕೆಲವು ನಾಣ್ಯಗಳ ಮೇಲಿನ ಅವನ ಹೆಸರಷ್ಟನ್ನೇ ಕೆರೆದು ತೆಗೆದರು.

ಯೋಚಿಸಿ ನೋಡಿ. ಚಕ್ರವರ್ತಿಯನ್ನ ಕಣ್ಣಾರೆ ಕಾಣದ ಬೆಟ್ಟದೂರಿನಲ್ಲಿ ಯಾರೋ ಒಬ್ಬರು ಕೂತು, ಕಾಸು ಒಂದೊಂದೇ ಎತ್ತಿಕೊಂಡು, ಪಕ್ಕದ ಅಕ್ಷರಕ್ಕೆ ಏಟು ಬೀಳದ ಹಾಗೆ ಒಂದು ಹೆಸರು ಕೆರೆಯುತ್ತಿದ್ದಾರೆ. ಆ ಕೈ ಯಾರದ್ದು ಅಂತ ಯೋಚಿಸಿದಷ್ಟೂ ನನಗೆ ನಿದ್ದೆ ದೂರ ಆಗುತ್ತೆ.

ಕೋಟೆನಾಡು · ಭಾನುವಾರ ರಾತ್ರಿ 8:10

ಚಿತ್ರದುರ್ಗದವನು ನಾನು. ನಮ್ಮ ಚಂದ್ರವಳ್ಳಿ ಅಗೆತದಲ್ಲಿ ರೋಮನ್ ನಾಣ್ಯ ಸಿಕ್ಕಿತ್ತು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದು ಇಂಥ ಊರಿನ ನಾಣ್ಯವಾ?

ಕಂಚುಕಾಸು · ಭಾನುವಾರ ರಾತ್ರಿ 8:45

ಅಲ್ಲ. ಚಂದ್ರವಳ್ಳಿಯದು, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರಾಶಿಯದು, ಎಲ್ಲಾ ಬೆಳ್ಳಿ ಡಿನೇರಿಯಸ್. ಬೆಳ್ಳಿಗೆ ಎಲ್ಲಿ ಹೋದರೂ ಬೆಲೆ, ಅದಕ್ಕೇ ಸಮುದ್ರ ದಾಟಿ ಬಂತು. ಊರಿನ ಕಂಚಿಗೆ ಆ ಊರಿನ ಸಂತೆಯಲ್ಲಿ, ಹೆಚ್ಚೆಂದರೆ ಅಕ್ಕಪಕ್ಕದ ಊರಲ್ಲಿ ಬೆಲೆ. ಸ್ಮಿರ್ನಾದ ಕಾಸನ್ನ ನಮ್ಮ ಕಡೆಯ ವ್ಯಾಪಾರಿ ತಗೊಂಡು ಏನು ಮಾಡಬೇಕಿತ್ತು? ನಮ್ಮಲ್ಲೂ ಅದೇ ಥರ. ಚಂದ್ರವಳ್ಳಿಯಲ್ಲೇ ಮಹಾರಠಿ ಅನ್ನುವ ಸ್ಥಳೀಯ ಮುಖ್ಯಸ್ಥರ ಹೆಸರಿರುವ ಸೀಸದ ನಾಣ್ಯ ಸಿಕ್ಕಿವೆ. ಅವೂ ಇಲ್ಲಿನ ಬಳಕೆಯವೇ.

ಇಜ್ಮಿರ್‌ವಾಸಿ · ಭಾನುವಾರ ರಾತ್ರಿ 9:30

ಇಷ್ಟೆಲ್ಲಾ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಮುಂದಿನ ವಾರ ಎಫೆಸಸ್‌ಗೆ ಹೋಗುತ್ತಿದ್ದೇನೆ. ಅಲ್ಲಿ ದಾರಿಬದಿಯಲ್ಲಿ ಹಳೇ ನಾಣ್ಯ ಅಂತ ಮಾರುತ್ತಾರೆ. ಒಂದು ತಗೊಳ್ಳಲಾ?

ಕಂಚುಕಾಸು · ಭಾನುವಾರ ರಾತ್ರಿ 9:38

ದಯವಿಟ್ಟು ಬೇಡ. ಅವು ನಕಲಿ ಆಗಿರೋದೇ ಜಾಸ್ತಿ. ಅಸಲಿ ಆಗಿದ್ದರೆ ಇನ್ನೂ ಕಷ್ಟ, ದೇಶದ ಹೊರಗೆ ತಗೊಂಡು ಹೋಗೋದು ಟರ್ಕಿಯ ಕಾನೂನಿನಲ್ಲಿ ಅಪರಾಧ. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಕದ್ದು ಅಗೆದ ನಾಣ್ಯ ಎಲ್ಲಿ ಸಿಕ್ಕಿತು ಅನ್ನೋದೇ ಅಳಿಸಿಹೋಗುತ್ತೆ. ಯಾವ ಊರಿನ ಕಾಸು ಎಷ್ಟು ದೂರ ನಡೆಯಿತು ಅಂತ ನಮಗೆ ಗೊತ್ತಾಗೋದು ಸಿಕ್ಕ ಜಾಗದಿಂದಲೇ. ನೋಡಬೇಕು ಅಂದರೆ ರೋಮನ್ ಪ್ರಾಂತ್ಯಗಳ ನಾಣ್ಯಗಳ ದೊಡ್ಡ ಪಟ್ಟಿ ಇಂಟರ್ನೆಟ್‌ನಲ್ಲಿ ಉಚಿತವಾಗಿದೆ, ಆಕ್ಸ್‌ಫರ್ಡ್‌ನವರು ನಡೆಸುತ್ತಾರೆ. ಊರಿನ ಹೆಸರು ಹಾಕಿದರೆ ಸಾಕು.

ಎಫೆಸಸ್‌ಗೆ ಹೋದಾಗ ಒಂದು ಕೆಲಸ ಮಾಡಿ. "ನಿಯೋಕೊರೋನ್" ಪದದ ಹತ್ತಿರ ಇರುವ ಒಂಟಿ ಅಕ್ಷರ ನೋಡಿ. ಗ್ರೀಕರು ಅಕ್ಷರವನ್ನೇ ಅಂಕಿಯಾಗಿ ಬಳಸುತ್ತಿದ್ದರು. ಗಾಮಾ ಅಂದರೆ ಮೂರು, ಡೆಲ್ಟಾ ಅಂದರೆ ನಾಲ್ಕು. ಎಲಗಬಾಲಸ್ ಚಕ್ರವರ್ತಿ ಎಫೆಸಸ್‌ಗೆ ನಾಲ್ಕನೇ ಪದವಿ ಕೊಟ್ಟ. ಊರು ಹಿಗ್ಗಿ, "ಎಲ್ಲರ ನಡುವೆ ನಾವೊಬ್ಬರೇ ನಾಲ್ಕು ಸಲ" ಅಂತ ನಾಣ್ಯದ ಮೇಲೆ ಬರೆಸಿತು. 222ರಲ್ಲಿ ಅವನ ಕೊಲೆ ಆಯಿತು. ಅವನು ಕೊಟ್ಟ ಪದವಿಯೂ ಹೋಯಿತು.

ಕಡಲೂರ_ಓದುಗಿ · ಭಾನುವಾರ ರಾತ್ರಿ 9:50

ಊರು ಏನು ತಪ್ಪು ಮಾಡಿತ್ತು ಪಾಪ.

ಕಂಚುಕಾಸು · ಭಾನುವಾರ ರಾತ್ರಿ 10:05

ತಪ್ಪು ಕುದುರೆ ಮೇಲೆ ಪಣ ಕಟ್ಟಿದ ಊರುಗಳಿಗೆ ಇನ್ನೂ ಕೆಟ್ಟದಾಗಿದೆ. 193ರಲ್ಲಿ ಚಕ್ರವರ್ತಿ ಪಟ್ಟಕ್ಕಾಗಿ ಸೆಪ್ಟಿಮಿಯಸ್ ಸೆವೆರಸ್ ಮತ್ತು ನೀಜರ್ ನಡುವೆ ಯುದ್ಧ ಆದಾಗ ನಿಕೆಯಾ, ಆಂಟಿಯೋಕ್, ಬೈಜಾಂಟಿಯಮ್ ನೀಜರ್ ಕಡೆ ನಿಂತವು. ಗೆದ್ದ ಸೆವೆರಸ್ ನಿಕೆಯಾದ ಬಿರುದು ಕಿತ್ತುಕೊಂಡ. ಊರಬಾಗಿಲಿನ ಕಲ್ಲಿನಲ್ಲಿ ಆ ಬಿರುದನ್ನ ಉಳಿಯಿಂದ ಕೆತ್ತಿ ತೆಗೆದ ಗುರುತು ಈಗಲೂ ಇದೆ. ಆಂಟಿಯೋಕ್ ತನ್ನ ಹಿರಿತನವನ್ನ ಪಕ್ಕದ ಲಾವೊದಿಕೆಯಾಕ್ಕೆ ಬಿಟ್ಟುಕೊಡಬೇಕಾಯಿತು. ಬೈಜಾಂಟಿಯಮ್ ಅಂತೂ ಪೆರಿಂಥಸ್‌ಗೆ ಸೇರಿದ ಹಳ್ಳಿ ಆಯಿತು. ಇದಕ್ಕೆ ನೂರು ವರ್ಷ ಮುಂಚೆಯೇ ಡಿಯೋ ಕ್ರಿಸೊಸ್ಟೊಮ್ ಅನ್ನುವ ಗ್ರೀಕ್ ಭಾಷಣಕಾರ ಪಕ್ಕದ ನಿಕೋಮೀಡಿಯಾದವರಿಗೆ ಹೇಳಿದ್ದ: ನಿಕೆಯಾ ಜೊತೆ ಬಿರುದಿಗಾಗಿ ಕಿತ್ತಾಡಬೇಡಿ, ರೋಮನ್ನರು ನಿಮ್ಮನ್ನ ನೋಡಿ ನಗುತ್ತಾರೆ ಅಂತ. ಯಾರು ಕೇಳಿದರು?

ಲೆಕ್ಕದಮನೆ · ಭಾನುವಾರ ರಾತ್ರಿ 10:30

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಪದ್ಧತಿ ನಿಂತಿದ್ದು ಮತ್ತೆ ದುಡ್ಡಿನಿಂದಲೇ ಅನ್ನೋದನ್ನ ಸೇರಿಸಿಬಿಡ್ತೀನಿ. 3ನೇ ಶತಮಾನದಲ್ಲಿ ರೋಮ್ ತನ್ನ ಬೆಳ್ಳಿಗೆ ತಾಮ್ರ ಬೆರೆಸುತ್ತಾ ಹೋಯಿತು. ಗ್ಯಾಲಿಯೆನಸ್ ಚಕ್ರವರ್ತಿಯ ಕಾಲದ ಕೊನೆಗೆ ಬೆಳ್ಳಿ ಹೆಸರಿಗಷ್ಟೇ. ಅಂಥ ದುಡ್ಡಿಗೆ ಚಿಲ್ಲರೆಯಾಗಿ ದಪ್ಪ ಕಂಚು ಹೊಡೆಸಿದರೆ ಊರಿಗೆ ನಷ್ಟ. ಒಂದೊಂದೇ ಟಂಕಸಾಲೆ ಮುಚ್ಚಿತು. ಪೆರ್ಗೆ ಊರಿನಲ್ಲಿ 275-76ರವರೆಗೆ ಎಳೆದರು. ಆದರೂ, ಕಂಚುಕಾಸು ಅವರೇ, ನಿನ್ನೆ ಅರ್ಧ ಒಪ್ಪಿದ್ದೆ, ಇವತ್ತು ಮುಕ್ಕಾಲು ಒಪ್ಪಿದ್ದೇನೆ.

ಇಜ್ಮಿರ್‌ವಾಸಿ · ಮುಂದಿನ ಭಾನುವಾರ ಸಂಜೆ 6:25

ಹೋಗಿ ಬಂದೆ. ಏನೂ ಕೊಳ್ಳಲಿಲ್ಲ. ಒಂದು ಭೂತಗನ್ನಡಿ ಮಾತ್ರ ತಗೊಂಡು ಹೋಗಿದ್ದೆ.

ಎಲಗಬಾಲಸ್‌ನ ಒಂದು ನಾಣ್ಯ ಸಿಕ್ಕಿತು. ಅಂಚು ಸವೆದಿದೆ, ಆದರೆ ಡೆಲ್ಟಾ ನಮ್ಮ ಮಕ್ಕಳು ಬರೆಯುವ ಗುಡಿಸಲಿನ ಚಿತ್ರದ ಹಾಗೆ ಸ್ಪಷ್ಟವಾಗಿ ನಿಂತಿದೆ. ಅದೇ ಸಾಲಿನಲ್ಲಿ ಅವನ ನಂತರ ಬಂದ ಅಲೆಕ್ಸಾಂಡರ್ ಸೆವೆರಸ್‌ನ ನಾಣ್ಯ. ಮುಖ ಎಳೆಯದು, ಮೀಸೆ ಇಲ್ಲ. ಹಿಂದಿನ ಬದಿ ಪಕ್ಕದ ಫೋಟೋದಲ್ಲಿದೆ. ಅಕ್ಷರ ಹುಡುಕಿದೆ. ಗಾಮಾ.

ಕಾವಲಿನ ಹೆಂಗಸು ಏನು ನೋಡುತ್ತಿದ್ದೀರಿ ಅಂತ ಕೇಳಿದರು. ಬರುವಷ್ಟು ಟರ್ಕಿಶ್‌ನಲ್ಲಿ ನಾಲ್ಕು ಇದ್ದದ್ದು ಮೂರು ಆಯಿತು ಅಂತ ಬೆರಳು ಮಡಿಚಿ ತೋರಿಸಿದೆ. ಅವರು ಕನ್ನಡಿ ಇಸಕೊಂಡು ತಾವೂ ನೋಡಿದರು. ಆಮೇಲೆ ನನ್ನನ್ನ ಇನ್ನೊಂದು ಮೂಲೆಗೆ ಕರೆದುಕೊಂಡು ಹೋಗಿ ವಲೇರಿಯನ್ ಕಾಲದ ಒಂದು ನಾಣ್ಯ ತೋರಿಸಿದರು, ಮೂವತ್ತು ವರ್ಷದ ನಂತರದ್ದು. ಅದರಲ್ಲಿ ಮತ್ತೆ ಡೆಲ್ಟಾ ಇತ್ತು.